ಬೆಲ್ಟ್ ಸರಿಯಾಗಿತ್ತು

ಮೊದಲು ಕೆಟ್ಟದ್ದು ಪಿಟೀಲು.

ದಸರಾ ರಜೆಯ ಒಂದು ಭಾನುವಾರ ಮಧ್ಯಾಹ್ನ. ಊಟ ಮುಗಿಸಿ, ಪಾತ್ರೆ ತೊಳೆದು, ಎಂದಿನಂತೆ ಟೇಪ್ ಡೆಕ್ಕಿನ ಮುಂದೆ ಕುಳಿತಿದ್ದೆ. ನಾನು ಮಧುಗಿರಿಯ ಹೈಸ್ಕೂಲೊಂದರಲ್ಲಿ ಹಿಂದಿ ಟೀಚರ್. ಮಕ್ಕಳಿಗೆ ಹಿಂದಿ ಬಂತೋ ಇಲ್ಲವೋ, ನನಗಂತೂ ಹಳೇ ಹಿಂದಿ ಸಿನಿಮಾ ಹಾಡುಗಳ ಹುಚ್ಚು ಹಿಡಿಯಿತು. ಹಾಡಿದವರ ಹುಚ್ಚಲ್ಲ, ಸಂಗೀತ ಕಟ್ಟಿದವರದು. ಎಲ್ಲರೂ ಗಾಯಕಿಯ ಗಂಟಲನ್ನು ಹೊಗಳುತ್ತಾರೆ. ಆ ಗಂಟಲಿಗೆ ಮೊದಲು ಪಿಟೀಲುಗಳನ್ನು ಹಾಸಿ ದಾರಿ ಮಾಡಿಕೊಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ. ನಾನು ಕೇಳುತ್ತಿದ್ದೆ. ಹಾಡು ಶುರುವಾಗುವ ಮೊದಲೇ, ಬರೀ ವಾದ್ಯ ಕೇಳಿ, ಇದು ಇಂಥವರ ಕೆಲಸ ಎಂದು ಹೇಳಿಬಿಡುತ್ತಿದ್ದೆ. ಬಂಗಾಳದಿಂದ ಬಂದವರೊಬ್ಬರು ಎರಡು ಸಾಲಿನ ನಡುವೆ ಕೊಳಲಿಗೆ ಜಾಗ ಬಿಡುತ್ತಿದ್ದ ರೀತಿ. ಪಂಜಾಬಿನವರೊಬ್ಬರು ಢೋಲಕ್ಕಿಗೆ ಕೊಡುತ್ತಿದ್ದ ನಡೆ. ಇನ್ನೊಬ್ಬರು ಸಾರಂಗಿಯನ್ನು ಇಡೀ ಹಾಡಿನಲ್ಲಿ ಒಂದೇ ಸಲ ಅಳುವಂತೆ ಮಾಡಿ ಸುಮ್ಮನಾಗಿಸುತ್ತಿದ್ದದ್ದು. ಹೆಸರು ಹೇಳುವುದಿಲ್ಲ. ಈಗ ಅವು ಮಾತು ಬಿಟ್ಟ ನೆಂಟರ ಹೆಸರುಗಳಂತಾಗಿವೆ.

ಆ ಮಧ್ಯಾಹ್ನ ನೂರಾರು ಸಲ ಕೇಳಿದ ಕ್ಯಾಸೆಟ್ಟನ್ನೇ ಹಾಕಿದ್ದೆ. ಪಿಟೀಲುಗಳು ಶುರುವಾದವು. ಎರಡು ಗುಂಪು ನುಡಿಸುತ್ತಿರುವ ಹಾಗೆ, ಒಂದು ಗುಂಪು ಅರ್ಧ ಸ್ವರ ಮೇಲೆ ಹೋಗಿ ಕಿರುಗುಟ್ಟುವ ಹಾಗೆ ಕೇಳಿಸಿತು.

ಬೆಲ್ಟ್ ಹೋಗಿದೆ ಎಂದುಕೊಂಡೆ.

ಡೆಕ್ಕಿನೊಳಗೆ ಟೇಪನ್ನು ಓಡಿಸುವ ಒಂದು ರಬ್ಬರ್ ಬೆಲ್ಟ್ ಇರುತ್ತದೆ. ಅದು ಹಳತಾದರೆ ವೇಗ ಹೆಚ್ಚುಕಮ್ಮಿಯಾಗಿ ಶ್ರುತಿ ಕೆಡುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಬಲಗಿವಿ ಕಟ್ಟಿಕೊಂಡಿದ್ದೂ ಗೊತ್ತಿತ್ತು, ಗಂಡನ ಮಾತು ಡಬ್ಬದೊಳಗಿಂದ ಬಂದಂತೆ ಕೇಳುತ್ತಿದ್ದದ್ದೂ ಗೊತ್ತಿತ್ತು. ಅದಕ್ಕೂ ಇದಕ್ಕೂ ಮಾತ್ರ ಗಂಟು ಹಾಕಲಿಲ್ಲ.

"ನೆಗಡಿ ಇರ್ಬೇಕು ಕಣೆ. ಬೆಳ್ಳುಳ್ಳಿ ಎಣ್ಣೆ ಬುಟ್ಕೊ" ಎಂದರು ನಮ್ಮ ಯಜಮಾನರು. ಅವರದು ಗೊಬ್ಬರದ ಅಂಗಡಿ.

"ತೊಂದರೆ ಕಿವಿದಲ್ಲ ರೀ, ಡೆಕ್ಕಿಂದು."

"ಅಂಗಾದ್ರೆ ಎಣ್ಣೆಯ ಅದಕ್ಕೇ ಬುಡು."

ಎರಡು ದಿನ ಹತ್ತಿಗೆ ಸ್ಪಿರಿಟ್ ಅದ್ದಿ ಡೆಕ್ಕಿನೊಳಗೆ ಟೇಪು ತಾಗಿ ಹೋಗುವ ಹೆಡ್ ಒರೆಸಿದೆ. ಮೂರನೇ ದಿನ ಡೆಕ್ಕನ್ನೇ ಚೀಲಕ್ಕೆ ಹಾಕಿಕೊಂಡು ಸಿರಾ ಬಸ್ಸು ಹತ್ತಿದೆ. ಅಲ್ಲಿ ಖಾದರ್ ಭಾಯಿ ಇದ್ದಾರೆ. ಮೂವತ್ತು ವರ್ಷದಿಂದ ನನ್ನ ಡೆಕ್ಕಿನ ವೈದ್ಯರು. ಈಗ ಟೇಪು ತರುವವರಿಲ್ಲದೆ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ನನ್ನಷ್ಟೇ ಹಾಡಿನ ಹುಚ್ಚು, ಆದರೆ ನನ್ನಷ್ಟು ಬಾಯಿಲ್ಲ. ಸಂಗೀತ ನಿರ್ದೇಶಕರ ಬಗ್ಗೆ ನಾನು ಪಾಠ ಹೇಳುತ್ತಿದ್ದರೆ ಸ್ಕ್ರೂಡ್ರೈವರ್ ಹಿಡಿದುಕೊಂಡೇ ತಲೆಯಾಡಿಸುತ್ತಿದ್ದರು.

ಅವರು ಹೊಸ ಬೆಲ್ಟ್ ಹಾಕಿದರು. ಹಾಡು ಹಚ್ಚಿದರು. ಅದೇ ಕಿರುಗುಟ್ಟುವಿಕೆ. ಬೇರೆ ಕ್ಯಾಸೆಟ್ ಹಾಕಿದರು. ಅದೂ ಹಾಗೇ. ತಮ್ಮದೇ ಡೆಕ್ ತೆಗೆದು ಅದರಲ್ಲಿ ಹಾಕಿದರು.

"ಇದರ ಬೆಲ್ಟೂ ಹೋಗಿದೆ" ಎಂದೆ.

ಖಾದರ್ ಭಾಯಿ ಡೆಕ್ ನಿಲ್ಲಿಸಿ ನನ್ನನ್ನೇ ನೋಡಿದರು. "ಟೀಚರಮ್ಮ, ಸ್ಪೀಡು ಕರೆಕ್ಟಾಗೈತೆ, ಅಲ್ಲಾ ಕಸಂ. ಬ್ಯಾಸರ ಮಾಡ್ಕಬ್ಯಾಡಿ. ಒಂದ್ಸಲ ಕಿವಿ ತೋರಿಸ್ಕಂಡು ಬನ್ನಿ."

ಮಿಕ್ಸಿ ತಂದಿದ್ದ ಇಬ್ಬರು ಹೆಂಗಸರು ಅಲ್ಲೇ ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಮಿಕ್ಸಿ ರಿಪೇರಿ ಮಾಡೋರು ನನ್ನ ಕಿವಿ ವಿಷಯಕ್ಕೆ ಬರಬೇಡಿ" ಎಂದೆ.

ಅವರು ಡೆಕ್ಕನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿ ಕೈಗೆ ಕೊಟ್ಟರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾನೇ ಎಷ್ಟು ವರ್ಷ, ಎಷ್ಟು ಮಕ್ಕಳ ಮುಖದ ಮೇಲೆ ಎಸೆದಿದ್ದೇನೋ ಲೆಕ್ಕವಿಲ್ಲ. ಆ ದಿನ ಮಾತ್ರ ನೆನಪಾಗಲಿಲ್ಲ. ಮನೆಗೆ ಬಂದು ಒಂದು ವಾರ ಮುನಿಸಿಕೊಂಡು ಕೂತೆ. ಮುನಿಸು ಖಾದರ್ ಭಾಯಿಯ ಮೇಲೆ. ಆ ವಾರವಿಡೀ ನನ್ನ ಬಲಗಿವಿ ಒಳಗೊಳಗೇ ಸಾಯುತ್ತಿತ್ತು. ನಾನು ತುಮಕೂರಿನಲ್ಲಿ ಬೇರೆ ಟೇಪ್ ರಿಪೇರಿಯವರು ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದೆ.

ಹನ್ನೊಂದನೇ ದಿನ ಶಾಲೆ ಶುರುವಾಯಿತು. ನಮ್ಮದು ಕಬ್ಬಿಣದ ಕಂಬಿ ತೂಗುಹಾಕಿದ ಗಂಟೆ. ಪ್ಯೂನ್ ಹೊಡೆದ. ಎರಡು ಗಂಟೆಗಳನ್ನು ಬಾರಿಸಿದ ಹಾಗೆ, ಎರಡು ಬೇರೆ ಬೇರೆ ಸ್ವರ ಒಟ್ಟಿಗೆ ಬಂತು.

ಕಬ್ಬಿಣದ ಕಂಬಿಗೆ ಬೆಲ್ಟ್ ಇರುವುದಿಲ್ಲ.

ಅದೇ ದಿನ ರಜೆ ಬರೆದುಕೊಟ್ಟು ತುಮಕೂರಿನ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಂ ಮಾಡಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಲಗಡೆಯ ಸರದಿಯಲ್ಲಿ ಗುಂಡಿ ಹಿಡಿದು ಸುಮ್ಮನೆ ಕೂತೇ ಇದ್ದೆ. ಗಾಜಿನಾಚೆ ಇದ್ದ ಹುಡುಗಿ ಮುಖ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದಳು.

ಒಳಗಿನ ನರದ ತೊಂದರೆ, ಹೀಗೆ ಇದ್ದಕ್ಕಿದ್ದಂತೆ ಬರುತ್ತದೆ ಎಂದರು ಡಾಕ್ಟರು. "ಎಷ್ಟು ದಿನ ಆಯ್ತಮ್ಮ?"

"ಹನ್ನೊಂದು."

"ಅಷ್ಟು ದಿನ ಏನ್ ಮಾಡ್ತಿದ್ರಿ? ಮೊದಲ ಎರಡು ಮೂರು ದಿನದಲ್ಲಿ ಬಂದಿದ್ರೆ ಸ್ಟೀರಾಯ್ಡ್ ಚೆನ್ನಾಗಿ ಕೆಲಸ ಮಾಡೋ ಸಾಧ್ಯತೆ ಇತ್ತು."

"ಟೇಪ್ ಡೆಕ್ ರಿಪೇರಿ ಮಾಡಿಸ್ತಿದ್ದೆ."

ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸ್ಟೀರಾಯ್ಡ್ ಮಾತ್ರೆ ನುಂಗಿದೆ. ಮುಖ ಊದಿತು, ಶುಗರ್ ಏರಿತು, ನಿದ್ದೆ ಹೋಯಿತು. ಕಿವಿಯ ತಮಟೆಯ ಮೂಲಕ ಇಂಜೆಕ್ಷನ್ನೂ ಆಯಿತು. ಎಂಆರ್‌ಐ ಮಾಡಿಸಿದರು, ಗೆಡ್ಡೆ ಇಲ್ಲ ಎಂದರು. ಕಾರಣ ಏನು ಎಂದು ಕೇಳಿದೆ. ವೈರಸ್ ಇರಬಹುದು, ರಕ್ತ ಓಡಾಟದ ತೊಂದರೆ ಇರಬಹುದು, ಎಷ್ಟೋ ಸಲ ಗೊತ್ತಾಗುವುದೇ ಇಲ್ಲ ಎಂದರು. ಬಯ್ಯಲು ಯಾರೂ ಸಿಗಲಿಲ್ಲ, ನನ್ನನ್ನು ಬಿಟ್ಟು.

ಎರಡು ತಿಂಗಳಲ್ಲಿ ಒಂದಷ್ಟು ಕೇಳಿಸತೊಡಗಿತು. ಬಲಗಡೆಯಿಂದ ಮಾತಾಡಿದರೆ ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದೆ. ಶ್ರುತಿ ಮಾತ್ರ ಹಿಂತಿರುಗಲಿಲ್ಲ. ಎಡಗಿವಿ ಒಂದು ಹಾಡು ಹೇಳುತ್ತದೆ, ಬಲಗಿವಿ ಅದೇ ಹಾಡನ್ನು ಅಣಕಿಸುತ್ತದೆ. ಇದು ಇಷ್ಟೇ, ಅಭ್ಯಾಸ ಮಾಡಿಕೊಳ್ಳಿ ಎಂದರು ಡಾಕ್ಟರು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು, "ಒಳ್ಳೇದೇ ಆಯ್ತು ಬುಡಿ ಮೇಡಂ, ಮಕ್ಕಳ ಗಲಾಟೆ ಅರ್ಧ ಕಮ್ಮಿ" ಎಂದರು. ಒಂದು ಕಿವಿ ತಾನೇ, ಇನ್ನೊಂದಿದೆಯಲ್ಲ ಎಂದವರು ಹಲವರು. ಅವರೆಲ್ಲರ ಕಾಲಿನ ಒಂದೊಂದು ಚಪ್ಪಲಿ ಕಸಿದುಕೊಂಡು ಇನ್ನೊಂದಿದೆಯಲ್ಲ ನಡೀರಿ ಎನ್ನಬೇಕು ಎನಿಸುತ್ತಿತ್ತು.

ಹಾಡು ಹಚ್ಚುವುದನ್ನು ಬಿಟ್ಟೆ. ಡೆಕ್ಕಿನ ಮೇಲೆ ಬಟ್ಟೆ ಮುಚ್ಚಿದೆ. ಯಜಮಾನರು ಒಂದು ದಿನ, "ಭಾನುವಾರ ಮನೆ ಬಿಕೋ ಅಂತದೆ ಕಣೆ, ಏನಾರ ಆಕು" ಎಂದರು. ಮೂವತ್ತು ವರ್ಷ "ಆ ಕಿರಿಕಿರಿ ನಿಲ್ಸು" ಎಂದವರು. ಅವತ್ತು ಅಡುಗೆಮನೆಗೆ ಹೋಗಿ ಅತ್ತೆ.

ಮುಂದಿನ ಶನಿವಾರ ಸ್ಕೂಲು ಬಿಟ್ಟ ಮೇಲೆ ಡೆಕ್ಕನ್ನೂ ಕ್ಯಾಸೆಟ್ಟುಗಳನ್ನೂ ಎರಡು ಚೀಲದಲ್ಲಿ ತುಂಬಿಕೊಂಡು ಸಿರಾಕ್ಕೆ ಹೋದೆ. ಖಾದರ್ ಭಾಯಿ ಒಬ್ಬರೇ ಇದ್ದರು. ಚೀಲಗಳನ್ನು ಕೌಂಟರಿನ ಮೇಲಿಟ್ಟು, "ಇವು ಇನ್ನು ನಿಮ್ಮ ಹತ್ತಿರಾನೇ ಇರಲಿ. ಬೆಲ್ಟ್ ಸರಿಯಾಗಿತ್ತು. ನೀವು ಹೇಳಿದ್ದೇ ನಿಜ. ತಪ್ಪಾಯ್ತು ಭಾಯಿ" ಎಂದೆ. ಇಷ್ಟು ಹೇಳಲು ಬಸ್ಸಿನುದ್ದಕ್ಕೂ ಅಭ್ಯಾಸ ಮಾಡಿದ್ದೆ. ಆಮೇಲೆ ಎಲ್ಲ ಹೇಳಿದೆ.

ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ನೋವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. "ಎಡಗಿವಿ ಪೂರಾ ಕೇಳ್ತೈತಾ?" ಎಂದರು.

"ಕೇಳುತ್ತೆ."

ಒಂದು ಹಳೇ ಹೆಡ್‌ಫೋನ್ ತೆಗೆದು ಬಲಗಡೆಯ ವೈರನ್ನು ಕತ್ತರಿಸಿದರು. ಬಲಗಿವಿಗೆ ಇಟ್ಟುಕೊಳ್ಳಲು ಹತ್ತಿ ಕೊಟ್ಟರು.

"ಆ ಕಾಲ್ದಾಗೆ ಸ್ಟೀರಿಯೋ ಎಲ್ಲಿತ್ತು ಟೀಚರಮ್ಮ. ಅಷ್ಟು ದೊಡ್ಡ ಪಾರ್ಟಿ ಕೂರ್ಸಿ ಬಾರ್ಸಿದ್ರೂ ಎಲ್ಲಾನೂ ಒಂದೇ ಟ್ರ್ಯಾಕಿಗೆ ತುಂಬ್ತಿದ್ರು. ಆ ಕಡಿಗೂ ಅದೇ, ಈ ಕಡಿಗೂ ಅದೇ. ನಿಮ್ಮ ಉಸ್ತಾದರು ಕಟ್ಟಿದ್ದು ಯಾವ್ದೂ ಒಂದು ಕಿವೀಲಿ ಕಮ್ಮಿ ಬರಾಕಿಲ್ಲ."

ಮೂವತ್ತು ವರ್ಷ ಪಾಠ ಹೇಳಿದ್ದು ನಾನು. ಇದು ನನಗೆ ಹೊಳೆದಿರಲಿಲ್ಲ.

ಕ್ಯಾಸೆಟ್ ಹಾಕಿದರು. ಪಿಟೀಲುಗಳು ಬಂದವು, ಒಂದೇ ಗುಂಪಾಗಿ. ಮೊದಲಿನಷ್ಟು ತುಂಬಿ ಬರಲಿಲ್ಲ. ಬಲಗಿವಿಯೊಳಗೆ ಸದಾ ಇರುವ ಗುಂಯ್ ಸದ್ದು ಹಿಂದೆ ನಡೆದೇ ಇತ್ತು. ಆದರೂ ಬಂದವು, ಆಮೇಲೆ ಕೊಳಲೂ ಬಂತು. ಶ್ರುತಿ ಸರಿಯಿದೆಯೇ? ನನಗೆ ಧೈರ್ಯವಾಗಿ ಹೇಳಲಾಗಲಿಲ್ಲ. ನನ್ನ ಕಿವಿಯ ಮಾತನ್ನು ನಾನು ಇನ್ನು ಯಾವತ್ತೂ ಪೂರ್ತಿ ನಂಬಲಾರೆ. ಕಾಯಿಲೆ ನನ್ನಿಂದ ಕಿತ್ತುಕೊಂಡದ್ದು ಆ ನಂಬಿಕೆಯನ್ನು.

"ಸ್ಪೀಡು ಸರಿ ಇದೆಯಾ ಭಾಯಿ?" ಎಂದು ಕೇಳಿದೆ.

ಅವರು ಯಾರದೋ ಮಿಕ್ಸಿ ಬಿಚ್ಚುತ್ತಿದ್ದರು. ತಲೆಯೆತ್ತಲಿಲ್ಲ.

"ಸರಿ ಐತೆ ಟೀಚರಮ್ಮ."

ಹಾಗಾದರೆ ಸರಿ ಎಂದುಕೊಂಡು, ಹತ್ತಿಯನ್ನು ಇನ್ನಷ್ಟು ಒತ್ತಿ, ಹಾಡು ಮುಗಿಯುವವರೆಗೂ ಕೇಳಿದೆ.