ಹೊರಗೆ ಕೂರಿಸಿದ ಸೊಸೆ

ಸೀರೆ ಉಡುವಾಗ ಅತ್ತೆಯ ಕೈಗೆ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ದವಾಖಾನೆ ಯಾಕೆ ಎಂದು ಸಂಕ್ರಾಂತಿ ದಾಟಿಸಿದರು. ಆಮೇಲೆ ವಿಶ್ರಾಮಬಾಗದ ಮನೆಯಿಂದ ಮಿರಜಿನ ದೊಡ್ಡ ದವಾಖಾನೆಗೆ ಓಡಾಟ ಶುರುವಾಯಿತು. ಮ್ಯಾಮೋಗ್ರಾಂ, ಬಯಾಪ್ಸಿ.

ಕ್ಯಾನ್ಸರ್.

ಅತ್ತೆಗೆ ಹೇಳಬಾರದು, ಬರೀ ನೀರುಗಂಟು ಅನ್ನಬೇಕು ಎಂದು ಮನೆಯವರೆಲ್ಲ ಕಾರಿಡಾರಿನಲ್ಲೇ ತೀರ್ಮಾನಿಸಿದರು. ನಮ್ಮ ಕಡೆ ಇದು ಪ್ರೀತಿಯ ರೂಢಿ. ಉಳಿದ ತೊಡಕು ನಾನೊಬ್ಬಳೇ. ನನಗೆ ಆಟಿಸಂ ಇದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಡಾಕ್ಟರು ಅದಕ್ಕೆ ಆ ಹೆಸರು ಕೊಟ್ಟರು. ಅಲ್ಲಿಯವರೆಗೆ ಅತ್ತೆ ಇಟ್ಟ ಹೆಸರು ಸೊಕ್ಕು. ಕಣ್ಣಿಗೆ ಕಣ್ಣಿಟ್ಟು ಮಾತಾಡುವುದಿಲ್ಲ, ಬಂದವರ ಮುಂದೆ ನಗುವುದಿಲ್ಲ, ಹೋಳಿಗೆ ಹೇಗಾಗಿದೆ ಎಂದರೆ ಹೇಗಾಗಿದೆಯೋ ಹಾಗೇ ಹೇಳುತ್ತೇನೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದಂತೆ ಎನ್ನುವ ಮಾತು ನನ್ನನ್ನು ನೋಡಿಯೇ ಹುಟ್ಟಿದ್ದೆಂದು ಅತ್ತೆ ನಂಬಿದ್ದರು.

ಸುಳ್ಳು ಹೇಳಲು ಬರದವಳೆಂದು ಗಂಡ ನನ್ನನ್ನು ಅತ್ತೆಯನ್ನು ಸೇರಿಸಿದ್ದ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂರಿಸಿದ. ಟ್ಯೂಬ್‌ಲೈಟಿನ ಸದ್ದು ತಲೆ ಕೊರೆಯುತ್ತಿತ್ತು. ಆದರೂ ಕೂತೆ. ಅತ್ತೆಯೆಂದರೆ ನನಗೆ ಜೀವ. ತೋರಿಸಲು ಬಂದಿಲ್ಲ, ಅಷ್ಟೇ.

ಮರುದಿನ ಅತ್ತೆ ಎಲ್ಲರನ್ನೂ ಆಚೆ ಕಳಿಸಿ ನನ್ನನ್ನು ಕರೆಸಿದರು.

"ನಿನ್ನ ಒಳಗ ಬಿಡವಲ್ರಂದ್ರ ದೊಡ್ಡದೇ ಇರಬೇಕು. ನೀ ಹೇಳು, ಏನೈತಿ?"

ಬಾಗಿಲ ಸಂದಿಯಲ್ಲಿ ಗಂಡ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದ. ನಾನು ಮಂಚದ ಸರಳು ನೋಡುತ್ತ ಹೇಳಿದೆ.

"ಕ್ಯಾನ್ಸರ್ ಐತ್ರಿ."

"ಸಾಯ್ತೇನೇನು?"

"ಗೊತ್ತಿಲ್ರಿ. ಡಾಕ್ಟರಿಗೂ ಗೊತ್ತಿಲ್ಲ. ಲಗೂ ಆಪರೇಷನ್ ಮಾಡಿದ್ರ ಛಲೋ ಆಗಬಹುದು ಅಂದ್ರು."

ಅವರು ಬಹಳ ಹೊತ್ತು ಅತ್ತರು. ನಾನು ಅಪ್ಪಿಕೊಳ್ಳಲಿಲ್ಲ, ನನಗದು ಆಗುವುದಿಲ್ಲ. ಪಕ್ಕದಲ್ಲೇ ಕೂತಿದ್ದೆ. ಅಳು ಮುಗಿದ ಮೇಲೆ ಚಹಾ ಕೇಳಿದರು. ಇನ್ನು ಮುಂದೆ ರಿಪೋರ್ಟು ಏನೇ ಬಂದರೂ ಸೊಸೆಯೇ ಓದಿ ಹೇಳಬೇಕೆಂದು ಮಗನಿಗೆ ತಾಕೀತು ಮಾಡಿದರು.

ಆಪರೇಷನ್ ಆಯಿತು. ಕೀಮೋ ನಡೆದಿದೆ. ವಾಂತಿ, ಸುಸ್ತು. ಕೂದಲು ಹೋದಂದಿನಿಂದ ಅತ್ತೆ ಕನ್ನಡಿಯ ಹತ್ತಿರ ಸುಳಿದಿರಲಿಲ್ಲ. ಮೊನ್ನೆ ಸಲಗರೆಯಿಂದ ಬಂದ ನೆಂಟರು ಒಬ್ಬರಾದ ಮೇಲೊಬ್ಬರು ಮುಖಕ್ಕೆ ಕಳೆ ಬಂದಿದೆ ಎಂದರು. ಅತ್ತೆ ಹೂಂ ಹೂಂ ಎಂದು ಕೇಳಿಸಿಕೊಂಡರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಖರೇನ?"

ಅವರ ಮುಖವನ್ನು ಸರಿಯಾಗಿ ನೋಡಿದೆ. ಹಾಗೆ ನೋಡುವುದು ನನಗೆ ಕಷ್ಟ.

"ತಲಿ ಪೂರಾ ಬೋಳಾಗೇತ್ರಿ. ಮಾರಿ ಹೋದ ವಾರಕ್ಕಿಂತ ಛಲೋ ಐತಿ."

ಅತ್ತೆ ಕನ್ನಡಿ ತರಲು ಹೇಳಿದರು.