ಚಹಾದ ಮೇಲೆ ಏರಿದ ಹಡಗು

ನೈರೋಬಿಯ ಮೊದಲ ಬೆಳಿಗ್ಗೆ ಒಂದು ಅಕ್ಕಿ ಚೀಲ ಹೊತ್ತು ಮೂರನೇ ಮಹಡಿಗೆ ಹತ್ತುವಷ್ಟರಲ್ಲಿ ಎರಡು ಸಲ ಗೋಡೆಗೆ ಒರಗಿ ನಿಂತೆ. ಹಡಗಿನ ಎಂಜಿನ್ ರೂಮಿನ ಕಬ್ಬಿಣದ ಏಣಿಗಳನ್ನು ಇಪ್ಪತ್ತು ವರ್ಷ ಹತ್ತಿಳಿದ ಕಾಲುಗಳಿವು. ಕೆಳಗಿನಿಂದ ಕಾವಲುಗಾರ, "ಪೋಲೆ ಪೋಲೆ, ಮ್ಝೇ" ಎಂದ. ಪೋಲೆ ಪೋಲೆ ಅಂದರೆ ನಿಧಾನ. ಮ್ಝೇ ಅಂದರೆ ಹಿರಿಯರು. ಮುದುಕ ಅಂತಲೂ ಆಗುತ್ತದೆ. ನನಗಿನ್ನೂ ನಲವತ್ತಾರು! ಈ ಊರು ಸಮುದ್ರಮಟ್ಟದಿಂದ ಸಾವಿರದ ಏಳುನೂರು ಮೀಟರ್ ಎತ್ತರದಲ್ಲಿದೆ, ಏದುಸಿರು ಬರುವುದು ಸಹಜ ಎಂದು ಹೆಂಡತಿ ಸುಮನಾ ಸಮಾಧಾನ ಹೇಳಿದಳು. ಭೂಮಧ್ಯರೇಖೆಯ ಪಕ್ಕದ ಊರಿನಲ್ಲಿ ಜುಲೈ ತಿಂಗಳು ಎರಡೆರಡು ಕಂಬಳಿ ಹೊದೆಯಬೇಕು ಅನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.

ನಾನು ಮಂಗಳೂರಿನವನು. ಸುಮನಾ ಬೆಂಗಳೂರಿನವಳು. ಅವಳಿಗೆ ಇಲ್ಲಿನ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲಿರುತ್ತಿದ್ದ ನಾನು, ಮಗಳು ಇಶಾ ಕೈತಪ್ಪಿ ದೊಡ್ಡವಳಾಗುತ್ತಿದ್ದಾಳೆ ಅನ್ನಿಸಿ, ಹಡಗು ಬಿಟ್ಟು ಅವರ ಹಿಂದೆ ಬಂದೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಹಾಗಾಗಿ ಕಿಲೆಲೆಶ್ವಾ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ನಾನೇ ಮನೆಯೊಡತಿ. ಮೀನಿಗೆ ಹೋದರೆ ಬಂಗುಡೆಯಿಲ್ಲ, ಬೂತಾಯಿಯಿಲ್ಲ. ಸರೋವರದ ತಿಲಾಪಿಯಾ ಕಣ್ಣು ಬಿಟ್ಟುಕೊಂಡು ಮಲಗಿರುತ್ತದೆ. ಎಷ್ಟು ಹುಳಿ-ಖಾರ ಹಾಕಿದರೂ ಅದಕ್ಕೆ ಸಮುದ್ರದ ನೆನಪಿಲ್ಲ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ನಲ್ಲಿ. ವಾರದಲ್ಲಿ ಒಂದೆರಡು ದಿನ ಮಾತ್ರ ನೀರು, ಅದೂ ಅದಕ್ಕೆ ಮನಸ್ಸಾದರೆ. ನಮ್ಮೂರಿನ ಬಾವಿಗೆ ಕೊಡ ಇಳಿಸಿ ಬೆಳೆದವನು ನಾನು. ಇಲ್ಲಿ ಕಾವಲುಗಾರ ದಿನ ಬೆಳಗಾದರೆ ಕೈ ತಿರುಗಿಸಿ ತೋರಿಸುತ್ತಾನೆ: "ಹಕುನಾ ಮಾಜಿ." ಸ್ವಾಹಿಲಿಯಲ್ಲಿ ಮಾಜಿ ಅಂದರೆ ನೀರು, ಹಕುನಾ ಅಂದರೆ ಇಲ್ಲ. ಕನ್ನಡದಲ್ಲಿ ಮಾಜಿ ಅಂದರೆ ನಾನು.

ಹೀಗಿರುವಾಗ ಇಶಾಳ ಶಾಲೆಯಿಂದ ಕರೆ ಬಂತು. ಪನಾಮಾ ಕಾಲುವೆಯ ಪಾಠ ನಡೆಯುತ್ತಿದೆಯಂತೆ. ಅದರ ಲಾಕುಗಳು, ಅಂದರೆ ಹಡಗನ್ನು ಏರಿಸಿ ಇಳಿಸುವ ನೀರಿನ ಕಟ್ಟೆಗಳು, ಹೇಗೆ ಕೆಲಸ ಮಾಡುತ್ತವೆ ಎಂದು ಮಕ್ಕಳಿಗೆ ತೋರಿಸಬೇಕಂತೆ. "ಇಶಾಳ ತಂದೆ ಕ್ಯಾಪ್ಟನ್ ಅಲ್ಲವೇ?" ಎಂದರು ಟೀಚರ್ ವಂಜಿರು.

ಫೋನಿಟ್ಟು ಮಗಳನ್ನು ಕೇಳಿದೆ. "ಎಂತ ಮಾರಾಯ್ತಿ, ನಾನು ಯಾವಾಗ ಕ್ಯಾಪ್ಟನ್ ಆದದ್ದು?"

"ಸೆಕೆಂಡ್ ಎಂಜಿನಿಯರ್ ಅಂದ್ರೆ ಯಾರಿಗೂ ಅರ್ಥ ಆಗಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ. ಬಾಯಿಂದ ಮಾತ್ರ ಹೊರಡುವುದಿಲ್ಲ.

ಅದೇ ವಾರ ಮುಂಬಯಿಯ ಏಜೆಂಟನ ಸಂದೇಶವೂ ಬಂದಿತ್ತು. ಮುಂದಿನ ತಿಂಗಳು ಹೊರಡುವ ಹಡಗಿನಲ್ಲಿ ಜಾಗವಿದೆ, ಆರು ತಿಂಗಳ ಕರಾರು. ಸುಮನಾ ಓದಿ, "ನಿನ್ನಿಷ್ಟ" ಎಂದಳು. ಹೆಂಡತಿ 'ನಿನ್ನಿಷ್ಟ' ಎಂದರೆ ಏನರ್ಥ ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾದರಿ ಮಾಡಿದೆ. ಹಳೆಯ ಮೀನಿನ ತೊಟ್ಟಿಯನ್ನು ಎರಡು ಪ್ಲಾಸ್ಟಿಕ್ ಹಲಗೆಗಳಿಂದ ಮೂರು ಭಾಗ ಮಾಡಿ, ಹಲಗೆಯ ಬುಡದಲ್ಲಿ ತೂತು ಕೊರೆದು ಬಿರಡೆ ಹಾಕಿ, ಸಂದುಗಳಿಗೂ ತೊಟ್ಟಿಯ ಮೂಲೆಯ ಬಿರುಕಿಗೂ ಮಕ್ಕಳಾಟದ ಜೇಡಿಮಣ್ಣು ಮೆತ್ತಿದೆ. ಹಡಗಾಗಿ ನಮ್ಮ ಸೋಪಿನ ಡಬ್ಬಿ. ತೊಟ್ಟಿಯನ್ನು ಅಪ್ಪಿಕೊಂಡು ಮಟಾಟುವಿನಲ್ಲಿ, ಅಂದರೆ ಇಲ್ಲಿನ ಕಿವಿಗಡಚಿಕ್ಕುವ ಸಂಗೀತದ ಬಾಡಿಗೆ ವ್ಯಾನಿನಲ್ಲಿ, ಕುಲುಕಾಡುತ್ತಾ ಶಾಲೆ ತಲುಪಿದರೆ, ಟೀಚರ್ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು.

"ಕ್ಷಮಿಸಿ, ಕ್ಯಾಪ್ಟನ್. ಇವತ್ತು ಹಕುನಾ ಮಾಜಿ."

ತೊಟ್ಟಿಯನ್ನು ಅಲ್ಲೇ ಎತ್ತಿ ಬಿಸಾಡೋಣ ಅನ್ನಿಸಿತು. ಬೀನ್ಸ್ ಕಾಳು ತುಂಬಿ ತೋರಿಸಬಹುದೇ ಎಂದರು ಅವರು. ಕಾಳು ಸುರಿದಲ್ಲಿ ಗುಡ್ಡೆಯಾಗುತ್ತದೆ ಮೇಡಂ, ತಾನಾಗಿ ಸಮ ಆಗುವುದು ನೀರಿಗೆ ಮಾತ್ರ ಗೊತ್ತು ಎಂದೆ, ತುಸು ಒರಟಾಗಿಯೇ. ಇಶಾ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿದ್ದಳು.

ಆಗ ಟೀಚರಿಗೆ ಹೊಳೆಯಿತು. ಅಡುಗೆಮನೆಯಿಂದ ಒಂದು ದೊಡ್ಡ ಪಾತ್ರೆ ಬಂತು: ಬಿಡುವಿನಲ್ಲಿ ಮಕ್ಕಳು ಕುಡಿದು ಉಳಿದ, ಹಾಲು ಹಾಕಿದ ಬಿಸಿ ಚಹಾ. ಮಕ್ಕಳು ಕಿರುಚಿದರು. ನಾನು ಹಲ್ಲು ಕಚ್ಚಿಕೊಂಡು ಸುರಿದೆ.

ಒಂದು ತುದಿಯ ಭಾಗ ಸರೋವರ, ಅಲ್ಲಿ ತುಂಬಾ ಚಹಾ. ಇನ್ನೊಂದು ತುದಿಯದು ಸಮುದ್ರ, ಅಲ್ಲಿ ಸ್ವಲ್ಪ. ನಡುವಿನದು ಲಾಕು. ಸೋಪಿನ ಡಬ್ಬಿಯನ್ನು ಸಮುದ್ರದಿಂದ ಲಾಕಿನೊಳಗೆ ತಂದು ಹಿಂದಿನ ಹಲಗೆ ಮುಚ್ಚಿದೆ.

"ಈಗ ಪಂಪ್ ಹಾಕ್ತೀರಾ?" ಎಂದಳು ಮುಂದಿನ ಸಾಲಿನ ಅಕಿನಿ.

"ಪಂಪೇ ಇಲ್ಲ. ನೋಡು."

ಸರೋವರದ ಕಡೆಯ ಹಲಗೆಯ ಬಿರಡೆ ಕಿತ್ತೆ. ಸರೋವರದ ಚಹಾ ತೂತಿನ ಮೂಲಕ ಲಾಕಿನೊಳಗೆ ನುಗ್ಗಿತು. ಡಬ್ಬಿ ಸದ್ದಿಲ್ಲದೆ ಏರಿತು. ಎರಡೂ ಕಡೆ ಮಟ್ಟ ಸಮವಾದಾಗ ಹರಿವು ತಾನಾಗಿ ನಿಂತಿತು. ಹಲಗೆ ಎತ್ತಿದೆ, ಡಬ್ಬಿ ತೇಲಿಕೊಂಡು ಸರೋವರ ಸೇರಿತು. ಇಳಿಯುವ ಹಡಗಿಗೆ ಇದೇ ಕೆಲಸ ತಿರುಗಾಮುರುಗಾ, ಲಾಕಿನ ನೀರನ್ನು ಸಮುದ್ರದ ಕಡೆಗೆ ಬಿಡುವುದು ಎಂದು ಹೇಳುವಷ್ಟರಲ್ಲಿ ಬಿಸಿಗೆ ಬಿರುಕಿನ ಜೇಡಿಮಣ್ಣು ಮೆತ್ತಗಾಗಿ ಸಮುದ್ರವೆಲ್ಲ ನನ್ನ ಪ್ಯಾಂಟಿನ ಮೇಲೆ ಇಳಿಯಿತು. ಇಡೀ ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ನೈರೋಬಿಗೆ ಹಡಗು ತರೋಕೆ ಎಷ್ಟು ಲಾಕು ಬೇಕು?" ಅಕಿನಿ ಬಿಡಲಿಲ್ಲ.

ಪನಾಮಾದಲ್ಲಿ ಮೂರು ಮೆಟ್ಟಿಲಿಗೆ ಇಪ್ಪತ್ತಾರು ಮೀಟರ್. ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಇನ್ನೂರರ ಆಸುಪಾಸು. "ಆದರೆ ಮೇಲಿಂದ ನೀರು ಕೊಡಬೇಕಲ್ಲ. ಪ್ರತಿ ಹಡಗಿಗೂ ಸರೋವರದ ಸಿಹಿನೀರು ಸಮುದ್ರದ ಪಾಲಾಗುತ್ತದೆ. ಇಲ್ಲಿ ಕೈ ತೊಳೆಯಲಿಕ್ಕೇ ಇಲ್ಲ!" ಎಂದೆ. ನನ್ನ ಸಿಡುಕಿಗೆ ಅವರು ಇನ್ನಷ್ಟು ನಕ್ಕರು.

"ಹಡಗು ಏರುವಾಗ ಹೇಗನ್ನಿಸುತ್ತೆ, ಕ್ಯಾಪ್ಟನ್?" ಮತ್ತೆ ಅಕಿನಿಯದೇ ಪ್ರಶ್ನೆ.

ಇಶಾ ತಲೆಯೆತ್ತಿ ನೋಡಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಾನು ಕ್ಯಾಪ್ಟನ್ ಅಲ್ಲ, ಎಂಜಿನಿಯರ್. ಆ ಹೊತ್ತಿಗೆ ನಾನು ಎಂಜಿನ್ ಪಕ್ಕದಲ್ಲೇ ಇರಬೇಕು, ಹಡಗಿನ ಹೊಟ್ಟೆಯೊಳಗೆ. ಎಷ್ಟೋ ಸಲ ಪನಾಮಾ ದಾಟಿದ್ದೇನೆ. ಲಾಕನ್ನು ಕಣ್ಣಾರೆ ನೋಡಿದ್ದು ಒಂದೇ ಸಲ. ಉಳಿದಂತೆ ಏನೂ ಗೊತ್ತಾಗುವುದಿಲ್ಲ. ಲೋಟದಲ್ಲಿನ ನೀರು ಕೂಡ ಅಲುಗುವುದಿಲ್ಲ. ಏರಿಯಾಯ್ತು ಅಂತ ಯಾರಾದರೂ ಮೇಲಿಂದ ಫೋನ್ ಮಾಡಿ ಹೇಳಬೇಕು."

ಯಾರೂ ನಗಲಿಲ್ಲ. ಮಕ್ಕಳಿಗೆ ನಿರಾಸೆಯಾಯಿತೋ ಏನೋ.

ಮರಳುವಾಗ ಮಟಾಟುವಿನಲ್ಲಿ ಚಹಾ ನಾತ ಹೊಡೆಯುತ್ತಾ ಕುಳಿತಿದ್ದೆ. ಆ ಸಂಗೀತದ ಅಬ್ಬರದಲ್ಲಿ ಇಶಾ ನನ್ನ ಕಿವಿಯ ಹತ್ತಿರ ಬಂದು ಏನೋ ಕೇಳಿದಳು. ಕೇಳಿಸಲಿಲ್ಲ. ಮತ್ತೆ ಕೇಳಿದಳು, ಕನ್ನಡದಲ್ಲಿ.

"ಪಪ್ಪ, ನೀನು ಆ ಹಡಗಿಗೆ ಹೋಗ್ತೀಯಾ?"

"ಗೊತ್ತಿಲ್ಲ ಮಗಾ."

"ಹೋಗ್ಬೇಡ ಅಂತ ನಾನು ಹೇಳ್ತಿಲ್ಲ" ಎಂದಳು. ಮುಂದಿನದಕ್ಕೆ ಶಬ್ದ ಸಿಗದೆಯೋ, ಬೇಡವೆಂದೋ ಕಿಟಕಿಯತ್ತ ತಿರುಗಿದಳು.

ಈ ಸಲ ಆಗುವುದಿಲ್ಲ ಎಂದು ಏಜೆಂಟನಿಗೆ ಬರೆದೆ. 'ಓಕೆ ಸರ್' ಎಂದು ಉತ್ತರ ಬಂತು. ಇಪ್ಪತ್ತು ವರ್ಷಕ್ಕೆ ಎರಡು ಶಬ್ದ. ಬೇರೆ ಯಾರೋ ಹೋದರು. ತ್ಯಾಗ ಮಾಡಿದೆ ಎಂಬ ಹೆಮ್ಮೆಯೇನೂ ಬರಲಿಲ್ಲ. ಎರಡು ದಿನ ಕಂಡಕಂಡವರ ಮೇಲೆ ಹರಿಹಾಯ್ದೆ. ವಂಜಿರು ಮಾತ್ರ ಮತ್ತೆ ಫೋನು ಮಾಡಿದರು. ಶಾಲೆಯ ಪಂಪು ಕೆಟ್ಟಿದೆಯಂತೆ, ಬಿಡುವಿದ್ದರೆ ನೋಡಬಹುದೇ ಎಂದು. ಬಿಡುವಿಗೇನು ಬರ! ಹೋಗಿ ನೋಡಿಕೊಟ್ಟೆ. ಸಂಬಳವಿಲ್ಲದ ಕೆಲಸಕ್ಕೆ ವೀಸಾದ ತಕರಾರಿಲ್ಲ ಅಂದುಕೊಂಡಿದ್ದೇನೆ.

ಹಡಗುಗಳು ಎಲ್ಲಿವೆಯೆಂದು ತೋರಿಸುವ ಆ್ಯಪ್ ಒಂದಿದೆ. ನಾನು ಹತ್ತದ ಹಡಗನ್ನು ಅದರಲ್ಲಿ ದಿನಾ ನೋಡುತ್ತೇನೆ. ಮೊನ್ನೆ ಫ್ಲ್ಯಾಟಿನ ಗೇಟಿನಲ್ಲಿ ನೀರಿನ ಲಾರಿಗೆ ಕಾಯುತ್ತಾ ಫೋನು ತೆರೆದರೆ, ಅದರ ಪುಟ್ಟ ಚುಕ್ಕೆ ಪನಾಮಾದ ಮೊದಲ ಲಾಕಿನೊಳಗೆ ಅಲುಗಾಡದೆ ನಿಂತಿತ್ತು. ಕೆಳಗೆ ಎಂಜಿನ್ ಪಕ್ಕದಲ್ಲಿ ಯಾರೋ ಒಬ್ಬ, ನನ್ನ ಜಾಗದಲ್ಲಿ, ಏನೂ ಗೊತ್ತಾಗದೆ ಏರುತ್ತಿರಬೇಕು. ಮೇಲಿನ ಬಾಲ್ಕನಿಯಿಂದ ಸುಮನಾ ಕೂಗಿದಳು:

"ಏನಯ್ಯಾ, ನೀರು ಬಂತಾ?"

"ಬರ್ತಾ ಉಂಟು" ಎಂದೆ. ಲಾರಿಯಿನ್ನೂ ರಸ್ತೆಯ ತಿರುವಿನಲ್ಲೂ ಕಾಣುತ್ತಿರಲಿಲ್ಲ.