ಕುಂತಲ್ಲೇ ಬರುವ ಬಾಡಿಗೆ

ರಾಣೇಬೆನ್ನೂರಿನಲ್ಲಿ ನನಗೆ ಒಂಬತ್ತು ಬಾಡಿಗೆ ಮನೆಗಳಿದ್ದವು. ಆ ಒಂಬತ್ತು ಮನೆಯವರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವರೆಂದರೆ ಅಷ್ಟಕ್ಕಷ್ಟೇ.

ನನ್ನ ಗಂಡ ಬೀಜದ ಕಂಪನಿಯೊಂದರಲ್ಲಿ ಊರೂರು ತಿರುಗುವ ನೌಕರಿಯಲ್ಲಿದ್ದರು. ಮನೆ ಕೊಳ್ಳುವುದು, ಕೆಡವುವುದು, ಕಟ್ಟಿಸುವುದು, ಬಾಡಿಗೆಗೆ ಕೊಡುವುದು ಎಲ್ಲ ನನ್ನದೇ ಕಾರುಬಾರು. ಗೋಡೆ ಬಿರುಕು ಬಿಟ್ಟ ಹಳೆಯ ಮನೆ ಎಲ್ಲಿ ಮಾರಾಟಕ್ಕಿದೆ ಎಂದು ಮೊದಲು ಗೊತ್ತಾಗುತ್ತಿದ್ದುದು ನನಗೆ. ಗೌಂಡಿಗಳ ಜೊತೆ ಬಿಸಿಲಲ್ಲಿ ನಿಂತು ಗೋಡೆಗಳಿಗೆ ಗಿಲಾಯಿ ಮಾಡಿಸಿದ್ದೇನೆ. ಪಾಯಖಾನೆಯ ಗುಂಡಿ ತುಂಬಿದಾಗ ಮೂಗಿಗೆ ಸೆರಗು ಹಿಡಿದುಕೊಂಡು ಮುಂದೆ ನಿಂತು ಖಾಲಿ ಮಾಡಿಸಿದ್ದೇನೆ. ಗೋಡೆಗೆ ಮೊಳೆ ಹೊಡೆದವರನ್ನು, ನೀರಿನ ಟಾಕಿಯ ಪಕ್ಕ ಕಂಬಳಿ ಒಗೆದವರನ್ನು, ನಾಲ್ಕು ಮಂದಿ ಎಂದು ಹೇಳಿ ಒಂಬತ್ತು ಮಂದಿ ಬಂದು ತುಂಬಿಕೊಂಡವರನ್ನು ಬಾಗಿಲಲ್ಲೇ ನಿಂತು ಬೈದಿದ್ದೇನೆ. ಅವರೂ ನನ್ನನ್ನು ಬೈದಿದ್ದಾರೆ. ನನ್ನ ಸ್ಕೂಟಿಯ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದರೆ ಒಳಗಿನಿಂದ ಚಿಲಕ ಬೀಳುತ್ತಿತ್ತು. ಅದೂ ನನಗೆ ಕೇಳುತ್ತಿತ್ತು.

ಒಂದು ಬೇಸಿಗೆಯಲ್ಲಿ ನಳದ ನೀರು ವಾರಕ್ಕೊಮ್ಮೆ ಬರತೊಡಗಿತು. ಒಬ್ಬ ಬಾಡಿಗೆಯವನು ಯಾರನ್ನೂ ಕೇಳದೆ ಮೋಟಾರು ಹಚ್ಚಿ ಟಾಕಿಯ ನೀರನ್ನೆಲ್ಲ ತನ್ನ ಡ್ರಮ್ಮುಗಳಿಗೆ ಎಳೆದುಕೊಂಡಿದ್ದ. ನಾನು ಹೋಗಿ ಮೋಟಾರಿನ ವಾಯರು ಕಿತ್ತು ಸ್ಕೂಟಿಯ ಡಿಕ್ಕಿಗೆ ಹಾಕಿಕೊಂಡೆ. ಅವನು ಹಿಂದೆಯೇ ಓಡಿ ಬಂದ. ನಾನು ಗಾಡಿಯ ಮೇಲೆ ಕುಳಿತಿದ್ದಂತೆಯೇ ಅದನ್ನು ಒದ್ದ. ಗಾಡಿಯ ಜೊತೆ ನಾನೂ ಬಿದ್ದೆ, ಮುಂಗೈ ಮುರಿಯಿತು. ಸುತ್ತಲಿನ ಮನೆಗಳ ಹೆಂಗಸರು ಹೊರಗೆ ಬಂದು ನಿಂತರು. ಬಹಳ ಹೊತ್ತು ಯಾರೂ ಎತ್ತಲು ಬರಲಿಲ್ಲ.

ಆಸ್ಪತ್ರೆಗೆ ನನ್ನ ತಮ್ಮ ಮೋಸಂಬಿ ಹಿಡಿದುಕೊಂಡು ಬಂದ. ಅವನು ಹಾವೇರಿಯಲ್ಲಿ ಸೈಟು ಕೊಡಿಸುವ ದಂಧೆಯವನು. ಬಿಳಿ ಅಂಗಿ, ಎರಡು ಫೋನು, ಎಲ್ಲರಿಗೂ ನಗುಮುಖ. ನನ್ನ ಕೈಯ ಪಟ್ಟಿ ನೋಡುತ್ತ ಮಾತು ತೆಗೆದ.

“ಅಕ್ಕಾ, ಈ ವಯಸ್ಸಿನ್ಯಾಗ ಇದೆಲ್ಲಾ ಬೇಕೇನ ನಿನಗ? ಮನಿ ಎಲ್ಲಾ ಮಾರಿಬಿಡು. ನಾವು ಮೂರು ಮಂದಿ ಕೂಡಿ ಹಾವೇರಿಯಾಗ ಕಾಂಪ್ಲೆಕ್ಸ್ ಕಟ್ಟಾಕತ್ತೇವಿ. ನಾಲ್ಕನೇದಾಕಿ ನೀನಾಗು. ಕಟ್ಟಸೋದು ನಾವು, ನೋಡಕೊಳ್ಳಾಕ ಮ್ಯಾನೇಜರ್ ಇರ್ತಾನ. ಬಾಡಗಿ ನೀ ಕುಂತಲ್ಲೇ ಬರತೈತಿ.”

ಗಂಡ ಮಂಚದ ಆಚೆ ಬದಿಯಲ್ಲಿ ಕುಳಿತಿದ್ದರು. “ಕುಂದ್ರೋದು ನಿನಗ ಬರತೈತೇನು?” ಎಂದು ನನ್ನನ್ನೇ ಕೇಳಿದರು. ಮುರಿದ ಕೈಯ ನೋವಿನಲ್ಲಿ ನನಗೆ ಆ ಮಾತಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ತಮ್ಮನಿಗೆ ಹೂಂ ಅಂದೆ.

ವರ್ಷದೊಳಗೆ ಒಂಬತ್ತೂ ಮನೆ ಕೈಬಿಟ್ಟವು. ಹಾವೇರಿಯಲ್ಲಿ ಕಾಂಪ್ಲೆಕ್ಸ್ ಎದ್ದಿತು. ಕೆಳಗೆ ಅಂಗಡಿಗಳು, ಮೇಲೆ ಪರೀಕ್ಷೆಗೆ ಓದುವ ಹುಡುಗರ ಕೋಚಿಂಗ್ ಕ್ಲಾಸು. ತಿಂಗಳ ಮೊದಲ ವಾರದಲ್ಲಿ ಫೋನು ಒಮ್ಮೆ ಟಿಂಗ್ ಅನ್ನುತ್ತಿತ್ತು, ಬಾಡಿಗೆ ಬಂತು ಎಂದು ಅರ್ಥ. ಯಾರ ಬಾಗಿಲನ್ನೂ ಬಡಿಯಬೇಕಿರಲಿಲ್ಲ. ಆದರೆ ಮಧ್ಯಾಹ್ನ ಊಟವಾದ ಮೇಲೆ ನನಗೆ ಏನೂ ತೋಚುತ್ತಿರಲಿಲ್ಲ. ತಮ್ಮನಿಗೆ ಫೋನು ಮಾಡಿ, ಮಾಳಿಗೆಯ ನೀರು ಎತ್ತ ಹರಿಯುತ್ತದೆ, ಟಾಕಿ ತೊಳೆಸಿದ್ದಾರೋ ಇಲ್ಲವೋ, ಬಾಡಿಗೆಗೆ ಬಂದವರು ಎಂಥವರು ಎಂದು ಕೇಳುತ್ತಿದ್ದೆ. ಮೊದಮೊದಲು ಉತ್ತರ ಕೊಟ್ಟ. ಆಮೇಲೊಂದು ದಿನ ಅಂದ:

“ಅಕ್ಕಾ, ನೀ ಸ್ಲೀಪಿಂಗ್ ಪಾರ್ಟನರ್ ಅದೀ, ಬರೇ ರೊಕ್ಕ ಹಾಕಿದಾಕಿ. ಮಲ್ಕೋ.”

ಹಿಂದೆ ಯಾರೋ ನಕ್ಕಿದ್ದು ಫೋನಿನಲ್ಲಿ ಕೇಳಿಸಿತು. ಒಮ್ಮೆ ಹೇಳದೆ ಕೇಳದೆ ಹಾವೇರಿಗೆ ಹೋದೆ. ಮಾಳಿಗೆ ಹತ್ತಲು ಹೊರಟವಳನ್ನು ವಾಚ್‌ಮನ್ ತಡೆದು, “ಯಾರು ಬೇಕಾಗಿತ್ರೀ?” ಎಂದ. ನಾನೇ ಮಾಲಕಿ ಎಂದೆ. ಮಾಲಕರು ಮೂವರನ್ನೂ ತಾನು ಬಲ್ಲೆ, ಅವರೆಲ್ಲ ಗಂಡಸರು ಎಂದ. ಬಸ್ಸು ಹಿಡಿದು ವಾಪಸು ಬಂದೆ. ತಮ್ಮನಿಗೆ ಹೇಳಲಿಲ್ಲ, ಗಂಡನಿಗಂತೂ ಹೇಳಲೇ ಇಲ್ಲ.

ಕಟ್ಟಡ ತುಂಬಿ ಎರಡನೆಯ ವರ್ಷದ ರಂಜಾನಿಗೆ ಸ್ವಲ್ಪ ಮೊದಲು, ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಆಟೋದಿಂದ ಒಬ್ಬ ಹೆಂಗಸು ಇಳಿದಳು. ನಲವತ್ತರ ಆಚೆ ಈಚೆಯವಳು. ಬುರ್ಖಾದ ಮುಸುಕನ್ನು ಹಿಂದೆ ಸರಿಸಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಉಳಿದಿತ್ತು. ಹಾವೇರಿಯ ಕಾಂಪ್ಲೆಕ್ಸಿನಲ್ಲಿ ಟೇಲರಿಂಗ್ ಅಂಗಡಿ ತನ್ನದು ಎಂದಳು. ಕುಳಿತುಕೊಳ್ಳಲು ಹೇಳಿದೆ.

“ಕುಂದ್ರಾಕ ಬಂದಿಲ್ಲ ನಾನು. ನಿಮ್ಮ ಮಾರಿ ನೋಡಾಕ ಬಂದೇನಿ.”

“ಯಾಕ?”

“ನಾಲ್ಕು ದಿವಸ ಆತು, ನಮ್ಮ ಅಂಗಡಿ ಕರೆಂಟ್ ತಗದಾರ. ಮುಂದ ಹಬ್ಬ ಬಂತು, ಮದುವಿ ಸೀಜನ್ ಬ್ಯಾರೆ. ಮಷಿನ್ ಎಲ್ಲಾ ಕರೆಂಟಿನವು. ಮ್ಯಾನೇಜರ್‌ನ ಕೇಳಿದ್ರ, ನಮ್ಮ ಕೈಯಾಗ ಏನಿಲ್ಲ, ರಾಣೇಬೆನ್ನೂರು ಅಕ್ಕಾರು ಅಂಗಡಿ ಖಾಲಿ ಮಾಡಸ್ರಿ ಅಂದಾರ ಅಂತಾನ. ನಿಮ್ಮ ತಮ್ಮನೂ ಅದನ್ನ ಅಂದ್ರು. ನಮ್ಮಕ್ಕ ಭಾಳ ಕೆಟ್ಟಾಕಿ, ಯಾರ ಮಾತೂ ಕೇಳಂಗಿಲ್ಲ ಅಂದ್ರು. ನಾ ನಿಮಗ ಏನ ಮಾಡೇನಿ? ನಿಮ್ಮನ್ನ ನೋಡೇ ಇಲ್ಲ ನಾನು.”

ನನಗೆ ಅವಳ ಅಂಗಡಿ ಯಾವ ಮೂಲೆಯಲ್ಲಿದೆ ಎಂದೂ ಗೊತ್ತಿರಲಿಲ್ಲ. ಹಾಗೆಂದು ಹೇಳಿದೆ. ಅವಳು ನಂಬಲಿಲ್ಲ.

“ಗೊತ್ತಿಲ್ಲ ಅಂದ್ರ ಬಾಡಗಿ ಹೆಂಗ ತಗೋತೀರಿ?” ಎಂದಳು.

ನಲವತ್ತು ವರ್ಷ ಬಾಡಿಗೆಯವರ ಬಾಯಿಂದ ಏನೇನು ಕೇಳಿದ್ದೇನೋ ಅದೆಲ್ಲ ನಾನು ಮಾಡಿದ್ದಕ್ಕೇ ಕೇಳಿದ್ದು. ಮಾಡದೇ ಇದ್ದುದಕ್ಕೆ ಕೇಳಿದ್ದು ಅದೇ ಮೊದಲು. ನನ್ನ ರೊಕ್ಕದ ಜೊತೆ ಕೆಟ್ಟ ಹೆಸರನ್ನೂ ತಮ್ಮನ ಕಡೆಯವರು ಪಾಲಿಗೆ ಸೇರಿಸಿಕೊಂಡು ದುಡಿಸುತ್ತಿದ್ದಾರೆ ಎಂದು ಹೊಳೆಯಿತು. ಸೀರೆಯನ್ನೂ ಬದಲಿಸದೆ ಚಪ್ಪಲಿ ಮೆಟ್ಟಿದೆ.

ಒಂದೇ ಬಸ್ಸಿನಲ್ಲಿ ಹೋದೆವು. ಪಕ್ಕದಲ್ಲಿ ಸೀಟು ಖಾಲಿಯಿದ್ದರೂ ಅವಳು ಮುಂದೆ ಹೋಗಿ ಕುಳಿತಳು. ಹಾವೇರಿ ಬರುವವರೆಗೆ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಕಾಂಪ್ಲೆಕ್ಸಿನ ಹಿಂದೆ ತಮ್ಮನ ಆಫೀಸು. ಅವನೂ ಮ್ಯಾನೇಜರನೂ ಇದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡ ತಮ್ಮ ತನ್ನ ನಗುಮುಖವನ್ನು ಮ್ಯಾನೇಜರನ ಕಡೆ ತಿರುಗಿಸಿದ. ಹೆಂಗಸು ಬಾಗಿಲ ಬಳಿಯೇ ನಿಂತಳು. ನಾನು ಒಳಗೆ ಹೋಗಿ ತಮ್ಮನೆದುರು ಕುಳಿತೆ.

“ಈಕಿ ಅಂಗಡಿ ಖಾಲಿ ಮಾಡಸು ಅಂತ ನಾ ಯಾವಾಗ ಅಂದೇನಿ?”

“ಅಕ್ಕಾ, ಹೊರಗಿನ ಮಂದಿ ಮುಂದ ಬ್ಯಾಡ.”

“ನನ್ನ ಹೆಸರು ಹೊರಗಿನ ಮಂದಿ ಮುಂದನ ತಗದಿ. ಅವರ ಮುಂದನ ಹೇಳು.”

ಅವನು ದನಿ ತಗ್ಗಿಸಿದ. ಇವಳ ಮೂಲೆಯ ಅಂಗಡಿಗೆ ಮೊಬೈಲಿನವರು ಬರುತ್ತಾರೆ, ಪಕ್ಕದ ಅಂಗಡಿಯ ಗೋಡೆಯನ್ನೂ ಒಡೆದು ದೊಡ್ಡದು ಮಾಡಬೇಕು, ಇವಳು ಒಪ್ಪುತ್ತಿಲ್ಲ, ಕರಾರಿನ ಅವಧಿ ಇನ್ನೂ ಇದೆ ಎಂದ. “ನಮಗ ಎದುರು ಮಾತಾಡತಾರ. ನಿನ್ನ ಹೆಸರು ಹೇಳಿದ್ರ ಅಂಜತಾರ. ನಿನ್ನ ಬಾಡಗಿಯವ್ರು ಹಂಗ ಅಂಜತಿದ್ದಿಲ್ಲೇನು? ಅದರಾಗ ತಪ್ಪೇನೈತಿ? ಹೆಚ್ಚಿಗಿ ಬಂದ್ರ ನಿನಗೂ ಬರತೈತಿ.”

“ನಾ ಯಾರನ್ನ ಬೈದ್ರೂ ಮಾರಿ ನೋಡಿ ಬೈದೇನಿ. ಇನ್ನೊಬ್ಬರ ಹೆಸರಿನ್ಯಾಗ ಬೈದಿಲ್ಲ. ಫ್ಯೂಜ್ ಕೊಡು.”

“ಯಾವ ಫ್ಯೂಜ್?”

“ಕರೆಂಟಿನವರು ಬಂದು ತಗದಿಲ್ಲ. ನಿನ್ನ ಮ್ಯಾನೇಜರ್ ತಗದಾನ. ಕೊಡು.”

ಮ್ಯಾನೇಜರು ಕಿಟಕಿಯಾಚೆ ನೋಡಿದ. ತಮ್ಮ ಎದ್ದು ನಿಂತ. ಅಪ್ಪನ ಕಾಲದಿಂದ ನೆನಪು ತೆಗೆದ. ತನ್ನ ಮದುವೆಯಲ್ಲಿ ನಾನು ಬೀಗರ ಜೊತೆ ಜಗಳ ಮಾಡಿದ್ದು, ತನ್ನ ಹೆಂಡತಿಗೆ ನನ್ನ ಕಂಡರೆ ಆಗದಿರುವುದು, ನಾನು ಕೈ ಮುರಿದುಕೊಂಡು ಬಿದ್ದಾಗ ತವರಿನಿಂದ ತಾನೊಬ್ಬನೇ ಬಂದಿದ್ದು. “ನಿನ್ನ ಬಾಡಗಿ ಮಂದಿ ಎತ್ತಲಿಲ್ಲ. ಯಾಕ ಎತ್ತಲಿಲ್ಲ, ವಿಚಾರ ಮಾಡು” ಎಂದ. ಬಾಗಿಲಲ್ಲಿ ನಿಂತವಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋದರೆ ನಾಳೆ ಅಂಗಡಿ ಖಾಲಿ ಮಾಡಿಸಿದ್ದೂ ನನ್ನ ಹೆಸರಿಗೇ ಬರುತ್ತಿತ್ತು. ಕುಳಿತೇ ಇದ್ದೆ. ಅವನ ಉಳಿದಿಬ್ಬರು ಪಾಲುದಾರರು ಬಂದರು, ನನಗೆ ಬುದ್ಧಿ ಹೇಳಿದರು, ಗಂಡನಿಗೆ ಫೋನು ಹಚ್ಚಿದರು. ನನ್ನನ್ನು ಕುರ್ಚಿಯಿಂದ ಎಬ್ಬಿಸಲು ತನ್ನಿಂದ ಆಗದು ಎಂದು ಗಂಡ ಅಂದದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು.

ಕೊನೆಗೆ ತಮ್ಮ ಡ್ರಾವರು ಎಳೆದು ಫ್ಯೂಜನ್ನು ಟೇಬಲ್ ಮೇಲೆ ಎಸೆದ. ಅದು ಉರುಳಿ ನೆಲಕ್ಕೆ ಬಿತ್ತು. ಹೆಕ್ಕಿಕೊಂಡು ಮೀಟರ್ ಬೋರ್ಡಿಗೆ ಹೋಗಿ ನಾನೇ ಹಾಕಿದೆ. ಮೂಲೆಯ ಅಂಗಡಿಯಲ್ಲಿ ಟ್ಯೂಬ್‌ಲೈಟು ಮಿಣುಕಿ ಹತ್ತಿಕೊಂಡಿತು. ಅಲ್ಲಿ ಸುಮ್ಮನೆ ಕುಳಿತಿದ್ದ ಇಬ್ಬರು ಹುಡುಗಿಯರು ಮಷಿನ್ನಿನ ಕಡೆ ತಿರುಗಿದರು. ಹೆಂಗಸು ಒಳಗೆ ಹೋಗಿ ಬಾಗಿಲನ್ನು ಅರ್ಧ ಮುಚ್ಚಿಕೊಂಡಳು.

ಪಾಲು ಬಿಟ್ಟುಕೊಡು, ರೊಕ್ಕ ತಿರುಗಿ ಕೊಡುತ್ತೇವೆ ಎಂದು ಆಮೇಲೆ ಅವರು ಬೆನ್ನು ಹತ್ತಿದರು. ನಾನು ಒಪ್ಪಲಿಲ್ಲ. ನನ್ನ ಹೆಸರಿನಲ್ಲಿ ಯಾರಿಗೆ ಏನು ಹೇಳಿದರೂ ನನ್ನ ಎದುರೇ ಹೇಳಬೇಕು ಎಂದೆ. ಈಗ ಪ್ರತಿ ತಿಂಗಳು ಅವರ ಮೀಟಿಂಗಿಗೆ ಹೋಗುತ್ತೇನೆ. ಯಾರೂ ಕರೆಯುವುದಿಲ್ಲ. ದಿನ ಬದಲಿಸುತ್ತಾರೆ, ವಾಚ್‌ಮನ್‌ನನ್ನು ಕೇಳಿ ತಿಳಿದುಕೊಳ್ಳುತ್ತೇನೆ. ಮೂರೇ ಕಪ್ ಚಹಾ ತರಿಸುತ್ತಾರೆ. ನಾನು ಮನೆಯಿಂದ ಥರ್ಮಾಸಿನಲ್ಲಿ ಒಯ್ಯುತ್ತೇನೆ. ತಮ್ಮ ನನ್ನನ್ನು ಅಕ್ಕ ಅನ್ನುವುದನ್ನು ಬಿಟ್ಟಿದ್ದಾನೆ. ‘ಅವ್ರು’ ಅನ್ನುತ್ತಾನೆ. ಅವನ ಮಗಳ ನಿಶ್ಚಯಕ್ಕೆ ನನಗೆ ಕರೆ ಬರಲಿಲ್ಲ, ಗಂಡ ಒಬ್ಬರೇ ಹೋಗಿ ಉಂಡು ಬಂದರು. ಅದಕ್ಕೆ ನಾನು ಅವರ ಜೊತೆಗೂ ಒಂದು ವಾರ ಮಾತು ಬಿಟ್ಟಿದ್ದೆ.

ಟೇಲರಿಂಗಿನವಳು ಹಬ್ಬ ಮುಗಿಸಿ, ಕರಾರು ತೀರುವ ಮೊದಲೇ ಖಾಲಿ ಮಾಡಿದಳು. ಯಾರೂ ಮಾಡಿಸಲಿಲ್ಲ, ಅವಳಿಗೇ ಸಾಕಾಗಿತ್ತು. ಈ ವರ್ಷ ಖಾರದ ಪುಡಿಗೆಂದು ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದಾಗ ಅವಳನ್ನು ಕಂಡೆ. ಊರೆಲ್ಲ ಘಾಟು, ಬಸ್ಸಿಳಿದವರೆಲ್ಲ ಸೀನುತ್ತಿದ್ದರು. ಮಾರ್ಕೆಟ್ಟಿನಿಂದ ಬರುವ ದಾರಿಯಲ್ಲಿ ಚಿಕ್ಕ ಅಂಗಡಿ, ಒಳಗೆ ಅದೇ ಹೆಂಗಸು ಕತ್ತರಿ ಹಿಡಿದಿದ್ದಳು. ಚೀಲ ಹೊರಗಿಟ್ಟು ಮೆಟ್ಟಿಲು ಹತ್ತಿದೆ. ಏನು ಮಾತಾಡಬೇಕು ಎಂದು ತಿಳಿಯದೆ, ಎರಡು ಬ್ಲೌಸ್ ಹೊಲಿಸಬೇಕಿತ್ತು ಎಂದೆ.

ಅವಳು ನನ್ನನ್ನು ಗುರುತಿಸಿದಳು. ಕತ್ತರಿ ಕೆಳಗಿಡಲಿಲ್ಲ.

“ಬ್ಯಾರೆ ಕಡೆ ಹೊಲಸ್ಕೋರಿ” ಎಂದಳು. “ನಿಮ್ಮ ಅಳತಿ ನಾ ತಗೊಳ್ಳಂಗಿಲ್ಲ.”

“ಅವತ್ತು ಕರೆಂಟ್ ಹಾಕಿದಾಕಿ ನಾನ ಯವ್ವಾ.”

“ಹೌದರೀ. ಹಾಕಿದ್ರಿ. ಆಮ್ಯಾಲೆ ಬಾಡಗಿ ತಗೊಂಡ್ರೋ ಇಲ್ಲೋ?”

ತೆಗೆದುಕೊಂಡಿದ್ದೆ. ಆ ತಿಂಗಳದ್ದೂ, ನಂತರದ್ದೂ. ಅವಳು ಬಿಟ್ಟುಹೋದ ಮೇಲೆ ಗೋಡೆ ಒಡೆದು ಬಂದ ಮೊಬೈಲ್ ಅಂಗಡಿಯವರದ್ದೂ ತೆಗೆದುಕೊಳ್ಳುತ್ತಿದ್ದೇನೆ.

ಅವಳು ಬಟ್ಟೆಯ ಮೇಲೆ ಬಾಗಿ ಕತ್ತರಿಸತೊಡಗಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಈಗಲೂ ಇದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೆಟ್ಟಿಲನ್ನೂ ಹತ್ತಗೊಡುತ್ತಿರಲಿಲ್ಲ. ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.